ಹಗೇವು ಬಲ್ಲವರಿಗೆ ವಿಮಾನದ ಮಾಸ್ಕ್ ಅರ್ಥವಾಗದೇನು?

ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯ ಹಳೆಯ ಊರುಗಳಲ್ಲಿ ನೆಲದಡಿ ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೇಲೆ ಮೆತ್ತಿದ ಮಣ್ಣು ಕೆರೆದು, ಬಂಡೆ ಸರಿಸಿ, ಒಳಗಿನ ಬಿಸಿ ಗಾಳಿ ಹೊರಬೀಳಲಿ ಎಂದು ಬಹಳ ಹೊತ್ತು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುವುದು. ದೀಪ ಆರಿತೋ, ಇನ್ನೂ ಕಾಯಬೇಕು. ಉರಿಯುತ್ತಲೇ ಇತ್ತೋ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಬ್ಬ ಇಳಿಯಬಹುದು. ಅವಸರ ಮಾಡಿ ಇಳಿದವನು ಒಳಗೆ ಕುಸಿದರೆ ಮೇಲಿನವರು ಮೊದಲು ಮಾಡುತ್ತಿದ್ದ ಕೆಲಸ, ಅವನ ಹಿಂದೆ ಧುಮುಕಲು ಹೊರಟ ಅಣ್ಣನನ್ನೋ ಮಗನನ್ನೋ ಹಿಡಿದು ನಿಲ್ಲಿಸುವುದು. ಕೆಟ್ಟ ಗಾಳಿ ಮೊದಲನೆಯವನನ್ನು ಬಿಡಲಿಲ್ಲವೆಂದ ಮೇಲೆ ಎರಡನೆಯವನನ್ನು ಬಿಡುತ್ತದೆಯೇ? ತಾನು ಎಚ್ಚರವಾಗಿದ್ದರಷ್ಟೇ ಇನ್ನೊಬ್ಬರನ್ನು ಎತ್ತಲು ಸಾಧ್ಯ ಎಂಬ ಲೆಕ್ಕವನ್ನು ಈ ಸೀಮೆಯ ಒಕ್ಕಲಿಗರಿಗೆ ಯಾವ ಕೈಪಿಡಿಯೂ ಕಲಿಸಿಕೊಟ್ಟದ್ದಲ್ಲ.

ಇದೇ ಲೆಕ್ಕವನ್ನು ವಿಮಾನದಲ್ಲಿ ಪ್ರತಿ ಸಲವೂ ಹೇಳುತ್ತಾರೆ. ಕ್ಯಾಬಿನ್ನಿನಲ್ಲಿ ಗಾಳಿಯ ಒತ್ತಡ ಇಳಿದರೆ ತಲೆಯ ಮೇಲಿಂದ ಆಕ್ಸಿಜನ್ ಮಾಸ್ಕ್ ಬೀಳುತ್ತದೆ, ಜಗ್ಗಿ ಮೂಗು-ಬಾಯಿಗೆ ಹಾಕಿಕೊಳ್ಳಿ, ಇನ್ನೊಬ್ಬರಿಗೆ ನೆರವಾಗುವ ಮುಂಚೆ ನಿಮ್ಮದನ್ನು ಹಾಕಿಕೊಳ್ಳಿ. ಸಾಮಾನ್ಯವಾಗಿ ಇದನ್ನು ಇಂಗ್ಲಿಷಿನಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ ಹೇಳಿ ಮುಗಿಸುತ್ತಾರೆ. ಯಾಕೆ ಹಾಗೆ ಎಂಬುದನ್ನು ಯಾವ ಭಾಷೆಯಲ್ಲೂ ಹೇಳುವುದಿಲ್ಲ. ನನ್ನ ವಾದ ಇಷ್ಟು: ಕರ್ನಾಟಕದಿಂದ ಹೊರಡುವ, ಕರ್ನಾಟಕಕ್ಕೆ ಬರುವ ವಿಮಾನಗಳಲ್ಲಿ ಈ ಮಾತನ್ನು ಕನ್ನಡದಲ್ಲಿ, ಕಾರಣದ ಸಮೇತ ಹೇಳಬೇಕು. ಇದನ್ನು ಭಾಷಾಭಿಮಾನದ ಬೇಡಿಕೆಗಳ ಪಟ್ಟಿಗೆ ಸೇರಿಸಿ ಬದಿಗಿಡುವುದು ಸುಲಭ. ಆದರೆ ಗಾಳಿಯ ಒತ್ತಡ ತಪ್ಪಿದಾಗ ಪೈಲಟ್ ಮತ್ತು ಕ್ಯಾಬಿನ್ ಸಿಬ್ಬಂದಿ ಮಾಡುವ ಕೆಲಸವೇ, ಪ್ರಯಾಣಿಕ ತನ್ನ ಪಾಲಿನ ಕೆಲಸವನ್ನು ಯಾರೂ ಹೇಳದೆ ಮಾಡುತ್ತಾನೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಅವನಿಗೆ ತಿಳಿಯದ ಭಾಷೆಯಲ್ಲಿ ಹೇಳಿದರೆ ಆ ಏರ್ಪಾಟಿನ ಒಂದು ಕಾಲೇ ಮುರಿದಂತೆ.

ಹಿಂದೆ ಈ ಮಾತು ನಮ್ಮ ಸೀಮೆಗೆ ಅಷ್ಟಾಗಿ ಸಂಬಂಧಪಡುತ್ತಿರಲಿಲ್ಲ. ಗದಗದವರು ದೂರದ ಊರಿಗೆ ಹೊರಟರೆ ರೈಲು, ಇಲ್ಲವೇ ರಾತ್ರಿ ಬಸ್ಸು. 2017ರ ಡಿಸೆಂಬರಿನಲ್ಲಿ ಹುಬ್ಬಳ್ಳಿ ವಿಮಾನ ನಿಲ್ದಾಣದ ಹೊಸ ಟರ್ಮಿನಲ್ ತೆರೆಯಿತು. 2018ರಲ್ಲಿ ಉಡಾನ್ ಯೋಜನೆಯ ವಿಮಾನಗಳು ಬಂದವು. ಗದಗದಿಂದ ಗೋಕುಲ ರಸ್ತೆಯ ನಿಲ್ದಾಣಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಶಿರಹಟ್ಟಿಯ ತಾಯಿಗೆ ಟಿಕೆಟ್ ತೆಗೆಸಿ ಕಳಿಸುತ್ತಾನೆ. ಲಕ್ಷ್ಮೇಶ್ವರದ ಹಿರಿಯರು ಬೆಂಗಳೂರಿಗೆ ಹೋಗಿ ಅಲ್ಲಿಂದ ಹಜ್ ವಿಮಾನ ಹತ್ತುತ್ತಾರೆ. ಮುಂಡರಗಿಯ ಅಜ್ಜಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಲ್ಲಿ ಮೋಡ ತೋರಿಸುತ್ತಾಳೆ. ಇವರಲ್ಲಿ ಎಷ್ಟೋ ಜನಕ್ಕೆ ಇಂಗ್ಲಿಷ್ ಬಾರದು, ಹಿಂದಿಯೋ ಸಿನಿಮಾ ನೋಡಿ ಅರ್ಥವಾಗುವಷ್ಟು. ಒಂಬತ್ತನೆಯ ಶತಮಾನದಲ್ಲೇ ಕನ್ನಡದ ತಿರುಳು ಇರುವ ನಾಡಿನವೆಂದು ಕವಿರಾಜಮಾರ್ಗ ಗುರುತಿಸಿದ ಊರುಗಳಲ್ಲಿ ಪುಲಿಗೆರೆ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಂದ ಬಂದ ಪ್ರಯಾಣಿಕನಿಗೆ ಜೀವ ಉಳಿಸುವ ಒಂದು ವಾಕ್ಯ ಕನ್ನಡದಲ್ಲಿ ಸಿಗುವುದಿಲ್ಲ ಎಂಬುದು ವಿಚಿತ್ರ.

ಮೊದಲು, ವಿಮಾನದ ಒಳಗೆ ನಾವು ಉಸಿರಾಡುವ ಗಾಳಿ ಎಲ್ಲಿಂದ ಬರುತ್ತದೆ ಎಂಬುದನ್ನು ನೋಡೋಣ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಜೆಟ್ ವಿಮಾನ 35 ಸಾವಿರ ಅಡಿಯಲ್ಲಿ, ಎವರೆಸ್ಟಿಗಿಂತಲೂ ಮೇಲೆ ಹಾರುತ್ತದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಕಾಲುಭಾಗದಷ್ಟು, ಚಳಿ ಸೊನ್ನೆಗಿಂತ ಐವತ್ತು ಡಿಗ್ರಿಗೂ ಕೆಳಗೆ. ಅದಕ್ಕೇ ಎಂಜಿನ್ನುಗಳು ಒತ್ತಿ ಬಿಸಿಯಾಗಿಸಿದ ಗಾಳಿಯಲ್ಲಿ ಸ್ವಲ್ಪವನ್ನು ತೆಗೆದು, ತಣಿಸಿ, ಕ್ಯಾಬಿನ್ನಿಗೆ ತುಂಬುತ್ತಾರೆ. ಬಾಲದ ಕಡೆಯ ಒಂದು ಕವಾಟ ಅದನ್ನು ಲೆಕ್ಕ ಹಾಕಿ ಹೊರಗೆ ಬಿಡುತ್ತಿರುತ್ತದೆ. ಒಂದು ಕಡೆ ಪಂಪು ಹೊಡೆಯುತ್ತಲೇ ಇನ್ನೊಂದು ಕಡೆ ತುಸು ಸೋರಲು ಬಿಟ್ಟ ಸೈಕಲ್ ಟ್ಯೂಬಿನ ಹಾಗೆ. ಹೀಗೆ ಒಳಗಿನ ಒತ್ತಡವನ್ನು 6ರಿಂದ 8 ಸಾವಿರ ಅಡಿಯ ಬೆಟ್ಟದ ಮೇಲಿನಷ್ಟು ಇಡುತ್ತಾರೆ. ಅಂದರೆ ದಿಲ್ಲಿಗೆ ಹೋಗುವ ಪ್ರಯಾಣಿಕ ಎರಡು ತಾಸು ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ಕೂತು ಇಡ್ಲಿ ತಿನ್ನುತ್ತಿರುತ್ತಾನೆ. ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ಗೋಡೆಯ ಪ್ರತಿ ಚದರಡಿಯ ಮೇಲೆ ಅರ್ಧ ಟನ್ನಿನಷ್ಟು ತಳ್ಳುತ್ತದೆ. ಹಾರುವಾಗ ಬಾಗಿಲು ತೆಗೆದುಬಿಡುತ್ತೇನೆ ಎಂದು ಗಲಾಟೆ ಮಾಡುವವರು ಆಗಾಗ ಸುದ್ದಿಯಾಗುತ್ತಾರಲ್ಲ, ಅವರ ಕೈಯಲ್ಲಿ ಆ ಎತ್ತರದಲ್ಲಿ ಅದು ಆಗದಿರುವುದು ಇದರಿಂದಲೇ.

ಈ ಟ್ಯೂಬು ಎರಡು ರೀತಿ ಗಾಳಿ ಬಿಡಬಹುದು. ಕಿಟಕಿಯೋ ಬಾಗಿಲೋ ಒಡೆದು ಒಮ್ಮೆಗೇ ಹೋಗಬಹುದು. ಆಗ ಢಂ ಎಂಬ ಸದ್ದು, ಕಿವಿ ಒಡೆಯುವ ನೋವು, ಕ್ಯಾಬಿನ್ನಿನ ತುಂಬ ಮಂಜು. ಇಲ್ಲವೇ ಪಂಪೇ ಕೆಲಸ ಮಾಡದೆ ನಿಧಾನಕ್ಕೆ ಸೋರಬಹುದು. ಎರಡನೆಯದು ಹೆಚ್ಚು ಮೋಸದ್ದು, ಏಕೆಂದರೆ ಆಕ್ಸಿಜನ್ ಕಡಿಮೆಯಾದರೆ ನಮ್ಮ ದೇಹ ಕೂಗಿ ಹೇಳುವುದಿಲ್ಲ. ಉಸಿರು ಕಟ್ಟಿದ ಅನುಭವ ಹುಟ್ಟುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಒಳಗೆ ಉಳಿದಾಗ. ತೆಳುಗಾಳಿಯಲ್ಲಿ ಅದು ಉಸಿರಿನ ಜೊತೆ ಹೊರಗೆ ಹೋಗುತ್ತಲೇ ಇರುತ್ತದೆ. ಹಗೇವಿಗೂ ವಿಮಾನಕ್ಕೂ ಇರುವ ಒಂದು ವ್ಯತ್ಯಾಸ ಇದೇ: ಹಗೇವಿನ ಗಾಳಿಯಲ್ಲಿ ಆ ಅನಿಲವೇ ತುಂಬಿರುವುದರಿಂದ ಎದೆ ಬಿಗಿಯುತ್ತದೆ, 35 ಸಾವಿರ ಅಡಿಯಲ್ಲಿ ಹಾಗಾಗದೆ ಹಾಯೆನಿಸಬಹುದು. ತುಸು ಅಮಲು, ಎಲ್ಲ ಸರಿಯಾಗಿದೆ ಎಂಬ ಧೈರ್ಯ, ಉಗುರು ನೀಲಿಯಾದರೂ ಗಮನಕ್ಕೆ ಬಾರದಿರುವುದು. 2021ರ ಕೋವಿಡ್ ಅಲೆಯಲ್ಲಿ ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ಫೋನಿನಲ್ಲಿ ಆರಾಮಾಗಿ ಮಾತಾಡುತ್ತಿದ್ದ ರೋಗಿಗಳ ಬಗ್ಗೆ ಮನೆಮನೆಗಳಲ್ಲೂ ಕೇಳಿದ್ದೇವೆ. ವಿಮಾನದಲ್ಲಿ ಅದೇ ಸಂಗತಿ ಸೆಕೆಂಡುಗಳಲ್ಲಿ ನಡೆಯುತ್ತದೆ. 25 ಸಾವಿರ ಅಡಿಯಲ್ಲಿ ತಿಳಿದು ಕೆಲಸ ಮಾಡಲು ಸಿಗುವ ಹೊತ್ತು ಮೂರರಿಂದ ಐದು ನಿಮಿಷ. 35 ಸಾವಿರದಲ್ಲಿ ಅದು ಅರ್ಧದಿಂದ ಒಂದು ನಿಮಿಷ, ಗಾಳಿ ಒಮ್ಮೆಗೇ ಹೋದರೆ ಇನ್ನೂ ಕಡಿಮೆ. ಉಸಿರು ನಿಲ್ಲುವುದಕ್ಕೆ ಬಹಳ ಮುಂಚೆಯೇ ಬುದ್ಧಿ ಕೈಕೊಡುತ್ತದೆ. ಎದುರಿಗೇ ತೂಗುತ್ತಿರುವ ಮಾಸ್ಕ್ ಕಾಣುತ್ತದೆ, ಅದನ್ನು ಏನು ಮಾಡಬೇಕು ಎಂಬುದು ಹೊಳೆಯುವುದಿಲ್ಲ. ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿರುವಂಥ ಒತ್ತಡ ಇಳಿಸುವ ಕೋಣೆಗಳಲ್ಲಿ ಪೈಲಟ್‌ಗಳಿಗೆ ಇದನ್ನು ಅನುಭವಿಸಿಯೇ ಕಲಿಸುತ್ತಾರೆ. ಓದಿ ನಂಬುವ ಸಂಗತಿ ಇದಲ್ಲ ಎಂದು ಆ ವೃತ್ತಿಗೆ ಗೊತ್ತು.

ಹೀಗಾಗಿ ಕಾಕ್‌ಪಿಟ್ಟಿನಲ್ಲಿ ಎಚ್ಚರಿಕೆಯ ಹಾರ್ನ್ ಬಾರಿಸಿದಾಗ ಪೈಲಟ್ ಮಾಡಬೇಕಾದ ಮೊದಲ ಕೆಲಸ, ಏನಾಯಿತು ಎಂದು ಯೋಚಿಸುವುದಲ್ಲ, ತನ್ನ ಮಾಸ್ಕ್ ಎಳೆದು ಹಾಕಿಕೊಳ್ಳುವುದು. ಪಕ್ಕದ ಪೈಲಟ್ಟೂ ಹಾಕಿಕೊಂಡನೇ ಎಂದು ಖಾತರಿ ಮಾಡಿಕೊಂಡು, ಮಾಸ್ಕ್ ಒಳಗಿನ ಮೈಕಿನಲ್ಲಿ ಇಬ್ಬರೂ ಮಾತಿನ ಸಂಪರ್ಕ ಸಾಧಿಸಬೇಕು. ಆಮೇಲೆ ಒತ್ತಡದ ವ್ಯವಸ್ಥೆ ಕೈಗೆ ಬರುತ್ತದೆಯೇ ಎಂದು ನೋಡುವುದು. ಬಾರದಿದ್ದರೆ ಎಂಜಿನ್ ತಗ್ಗಿಸಿ, ರೆಕ್ಕೆಯ ಮೇಲಿನ ವೇಗತಡೆ ಹಲಗೆಗಳನ್ನು ಎತ್ತಿ, 10 ಸಾವಿರ ಅಡಿಯವರೆಗೆ ಬಿರುಸಾಗಿ ಇಳಿಯುವುದು. ನೆಲದ ನಿಯಂತ್ರಣದವರಿಗೆ ಮೇಡೇ ಎಂಬ ಅಪಾಯದ ಕರೆ ಹೇಳುವುದು ಈ ನಡುವೆ. 35ರಿಂದ 10 ಸಾವಿರಕ್ಕೆ ನಾಲ್ಕಾರು ನಿಮಿಷದಲ್ಲಿ ಇಳಿದುಬಿಡಬಹುದು. ನಮ್ಮ ಬಯಲುಸೀಮೆಯ ಮೇಲೆ ಇದಕ್ಕೆ ಅಡ್ಡಿಯಿಲ್ಲ, ಟಿಬೆಟ್ಟಿನ ಕಡೆಯಾದರೆ ಕೆಳಗಿನ ಪರ್ವತಗಳೇ ಇಳಿಯಗೊಡುವುದಿಲ್ಲ. ಮಾಸ್ಕ್‌ಗಳು ತಾವಾಗಿ ಬೀಳುವುದು ಕ್ಯಾಬಿನ್ನಿನ ಒಳಗಿನ ಸ್ಥಿತಿ ಸುಮಾರು 14 ಸಾವಿರ ಅಡಿಯ ಬೆಟ್ಟದಂತಾದಾಗ. ಅಷ್ಟರಲ್ಲಿ ಕ್ಯಾಬಿನ್ ಸಿಬ್ಬಂದಿ ಏನು ಮಾಡಬೇಕು? ತಳ್ಳುಗಾಡಿ ಬಿಟ್ಟು, ಕೈಗೆ ಸಿಕ್ಕ ಮಾಸ್ಕ್ ಹಾಕಿಕೊಂಡು, ಸಿಕ್ಕ ಸೀಟಿನಲ್ಲಿ, ಇಲ್ಲದಿದ್ದರೆ ಪ್ರಯಾಣಿಕರ ನಡುವೆಯೇ ಕೂತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ವಿಮಾನ ಕೆಳಗೆ ತಲುಪಿತೆಂದು ಪೈಲಟ್ ಹೇಳುವವರೆಗೆ ಏಳಬಾರದು.

ಈಗ ಇದನ್ನೇ 23ನೇ ಸಾಲಿನ ಸೀಟಿನಿಂದ ನೋಡಿ. ಮೇಲಿಂದ ಹಳದಿ ಬಟ್ಟಲುಗಳು ಉದುರಿ ದಾರದಲ್ಲಿ ತೂಗುತ್ತವೆ. ಮುಂದಿನಿಂದ ಒಂದು ಮಾತಿಲ್ಲ. ಮೂಗು ಮುಂದಾಗಿ ವಿಮಾನ ಕೆಳಗೆ ಬೀಳುತ್ತಿದೆ. ಮುಗುಳ್ನಗುತ್ತ ನೀರು ಕೊಟ್ಟಿದ್ದ ಹುಡುಗಿ ತನ್ನ ಮೂಗಿಗೆ ಮಾಸ್ಕ್ ಹಾಕಿಕೊಂಡು ಕೂತುಬಿಟ್ಟಿದ್ದಾಳೆ, ಕರೆದರೂ ಏಳುತ್ತಿಲ್ಲ. ಎಲ್ಲಿಂದಲೋ ಸುಟ್ಟ ವಾಸನೆ ಬೇರೆ. ಮಾಸ್ಕಿನ ಚೀಲ ಉಬ್ಬುತ್ತಿಲ್ಲ. ಕಾರಣ ಗೊತ್ತಿಲ್ಲದವನಿಗೆ ಇದು ಪೂರ್ತಿ ಕೈಬಿಟ್ಟ ವಿಮಾನ. ಗೊತ್ತಿದ್ದವನಿಗೆ ಪ್ರತಿಯೊಂದೂ ಸರಿಯಾಗಿ ನಡೆಯುತ್ತಿದೆ ಎಂಬುದಕ್ಕೆ ಗುರುತು. ಪೈಲಟ್ ಮೌನವಾಗಿದ್ದಾನೆ ಎಂದರೆ ಅವನು ವಿಮಾನ ಇಳಿಸುತ್ತಿದ್ದಾನೆ. ಹುಡುಗಿ ಕೂತಿದ್ದಾಳೆ ಎಂದರೆ ಐದು ನಿಮಿಷದ ಮೇಲೆ ನಿಮ್ಮನ್ನು ನೋಡಿಕೊಳ್ಳಲು ಎಚ್ಚರವಾಗಿರುತ್ತಾಳೆ. ಸುಟ್ಟ ವಾಸನೆ ಬರುವುದು, ಬಹುಪಾಲು ವಿಮಾನಗಳಲ್ಲಿ ಪ್ರಯಾಣಿಕರ ಆಕ್ಸಿಜನ್ ಸಿಲಿಂಡರಿನಿಂದ ಬಾರದೆ, ಮಾಸ್ಕನ್ನು ಜಗ್ಗಿದಾಗ ಹೊತ್ತಿಕೊಳ್ಳುವ ಒಂದು ರಾಸಾಯನಿಕ ಡಬ್ಬಿಯಿಂದ ಬರುವುದರಿಂದ. ಆ ಡಬ್ಬಿ ಬಿಸಿಯಾಗುತ್ತದೆ, ಮೇಲಿನ ಧೂಳು ಸುಡುತ್ತದೆ. ಚೀಲ ಉಬ್ಬದಿದ್ದರೂ ಆಕ್ಸಿಜನ್ ಹರಿಯುತ್ತಿರುತ್ತದೆ. ಡಬ್ಬಿ ಹನ್ನೆರಡು ನಿಮಿಷದಷ್ಟು ಮಾತ್ರ ಸಾಲುತ್ತದೆ, ಏಕೆಂದರೆ ಅದರ ಕೆಲಸ ವಿಮಾನ ಕೆಳಗೆ ಇಳಿಯುವವರೆಗೆ ಅಷ್ಟೇ. ಆಮೇಲೆ ವಿಡಿಯೊ ಹರಿದಾಡಿ, ಸಿಬ್ಬಂದಿ ತಮ್ಮ ಜೀವ ಮೊದಲು ನೋಡಿಕೊಂಡರು ಎಂಬ ಸಿಟ್ಟು ಟಿವಿಯಲ್ಲಿ ಕೂಗಾಡುವಾಗ, ಅವರು ಮಾಡಿದ್ದೇ ಸರಿ ಎಂದು ಹೇಳುವವರು ಕಡಿಮೆ. ಸಿಬ್ಬಂದಿಯನ್ನು ಅಳೆಯಬೇಕಾದ ಕೋಲು ಅವರ ಸಮಾಧಾನದ ಮಾತಲ್ಲ, ಕೆಲಸದ ಸರದಿ.

ಹುಬ್ಬಳ್ಳಿಗೆ ಉಡಾನ್ ಬಂದ 2018 ಈ ವಿಷಯದಲ್ಲಿ ಎದ್ದು ಕಾಣುವ ವರ್ಷ. ಏಪ್ರಿಲ್ 17ರಂದು ಅಮೆರಿಕದ ಸೌತ್‌ವೆಸ್ಟ್ 1380 ವಿಮಾನದ ಎಂಜಿನ್ ಫ್ಯಾನಿನ ಒಂದು ಅಲಗು ಮುರಿದು, ಚೂರುಗಳು ಬಡಿದು ಕಿಟಕಿ ಒಡೆಯಿತು. ಕ್ಯಾಪ್ಟನ್ ಟ್ಯಾಮಿ ಜೋ ಶಲ್ಟ್ಸ್ ವಿಮಾನವನ್ನು ಇಳಿಸಿ ಫಿಲಡೆಲ್ಫಿಯಾಕ್ಕೆ ತಂದರು. ಕಿಟಕಿ ಪಕ್ಕದ ಒಬ್ಬ ಮಹಿಳೆ ತೀರಿಕೊಂಡರು, ಉಳಿದ 148 ಜನ ಬದುಕಿದರು. ಆ ವಿಮಾನದ ಒಳಗೆ ತೆಗೆದ ಫೋಟೊಗಳಲ್ಲಿ ಕಂಡದ್ದೇನು? ಹಲವರು ಮಾಸ್ಕನ್ನು ಬಾಯಿಗೆ ಮಾತ್ರ ಹಿಡಿದು ಮೂಗನ್ನು ಹೊರಗೇ ಬಿಟ್ಟಿದ್ದರು. ಇಂಗ್ಲಿಷ್ ಮನೆಮಾತಾದ ದೇಶದಲ್ಲಿ, ಹತ್ತಾರು ಸಲ ಇಂಗ್ಲಿಷ್ ಸೂಚನೆ ಕೇಳಿದವರ ಕಥೆ ಇದು. ಮೇ 14ರಂದು ಚೀನಾದ ಸಿಚುವಾನ್ ಏರ್‌ಲೈನ್ಸ್‌ನ ವಿಮಾನದ ಕಾಕ್‌ಪಿಟ್ ಗಾಜು 32 ಸಾವಿರ ಅಡಿಯಲ್ಲಿ ಒಡೆದು, ಸಹಪೈಲಟ್ ಅರ್ಧ ಹೊರಗೆ ಎಳೆಯಲ್ಪಟ್ಟರು. ಕೆಳಗೆ ಪರ್ವತಗಳಿದ್ದುದರಿಂದ ಒಮ್ಮೆಗೇ ಇಳಿಯಲಾಗದೆ, ಕೊರೆಯುವ ಗಾಳಿಯಲ್ಲಿ ಕ್ಯಾಪ್ಟನ್ ಲಿಯು ಚುವಾನ್‌ಜಿಯಾನ್ ಕೈಯಾರೆ ಹಾರಿಸಿ ಚೆಂಗ್ಡುವಿನಲ್ಲಿ ಇಳಿಸಿದರು, ಎಲ್ಲರೂ ಉಳಿದರು. ಸೆಪ್ಟೆಂಬರ್ 20ರ ಬೆಳಿಗ್ಗೆ ನಮ್ಮದೇ ದೇಶದಲ್ಲಿ, ಮುಂಬೈಯಿಂದ ಜೈಪುರಕ್ಕೆ 166 ಪ್ರಯಾಣಿಕರನ್ನು ಹೊತ್ತು ಹೊರಟ ಜೆಟ್ ಏರ್‌ವೇಸ್ 697 ವಿಮಾನದಲ್ಲಿ ಏನೂ ಒಡೆಯಲಿಲ್ಲ. ಎಂಜಿನ್ನಿನ ಗಾಳಿಯನ್ನು ಕ್ಯಾಬಿನ್ನಿಗೆ ಬಿಡುವ ಸ್ವಿಚ್ಚನ್ನು ಹಾಕುವುದನ್ನೇ ಪೈಲಟ್‌ಗಳು ಮರೆತಿದ್ದರು ಎಂದು ನಾಗರಿಕ ವಿಮಾನಯಾನ ನಿರ್ದೇಶನಾಲಯ ಹೇಳಿತು. ಅಂದರೆ ಪಂಪಿನ ಕೊಳವೆಯನ್ನು ಟ್ಯೂಬಿಗೆ ಸಿಕ್ಕಿಸದೆ ಹೊರಟಂತೆ. ಮಾಸ್ಕ್‌ಗಳು ಬಿದ್ದವು, ಸುಮಾರು ಮೂವತ್ತು ಜನರ ಮೂಗು-ಕಿವಿಯಲ್ಲಿ ರಕ್ತ ಬಂತು, ವಿಮಾನ ಮುಂಬೈಗೆ ಮರಳಿತು. ಪೈಲಟ್‌ಗಳಿಬ್ಬರನ್ನೂ ಕೆಲಸದಿಂದ ದೂರ ಇಟ್ಟರು.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದು ಸಣ್ಣದಲ್ಲ. ತಪ್ಪು ಪೈಲಟ್ಟಿನದು, ತಪಾಸಣೆಯ ಪಟ್ಟಿ ಓದಿ ಟಿಕ್ ಮಾಡಬೇಕಾದವನು ಅವನು. ಅವನ ಮರೆವಿನ ಭಾರವನ್ನು ಮುಂಡರಗಿಯ ಅಜ್ಜಿಯ ತಲೆಗೆ ಹೊರಿಸುವುದು ಯಾವ ನ್ಯಾಯ? ನ್ಯಾಯವಲ್ಲ, ಒಪ್ಪುತ್ತೇನೆ. ವಿಮಾನ ಕಂಪನಿಗೂ ನಿಯಂತ್ರಕರಿಗೂ ಇರುವ ಹೊಣೆ ಪ್ರಯಾಣಿಕನಿಗೆ ಪಾಠ ಹೇಳಿದ್ದರಿಂದ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಬಾರದು. ಆದರೆ ಸಿಬ್ಬಂದಿಯ ಮೇಲೆ ಪೂರ್ತಿ ಭಾರ ಹಾಕಿ ಕೂರುವುದು ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ 2005ರ ಆಗಸ್ಟ್ 14 ಸಾಕ್ಷಿ. ಸೈಪ್ರಸ್‌ನ ಲಾರ್ನಾಕಾದಿಂದ ಅಥೆನ್ಸಿಗೆ ಹೊರಟ ಹೀಲಿಯೊಸ್ 522ರಲ್ಲಿ, ರಾತ್ರಿಯ ದುರಸ್ತಿ ತಪಾಸಣೆಯ ನಂತರ ಒತ್ತಡ ನಿಯಂತ್ರಿಸುವ ಗುಂಡಿ ಸ್ವಯಂಚಾಲಿತ ಸ್ಥಾನಕ್ಕೆ ಮರಳದೆ ಉಳಿದಿತ್ತು. ಹೊರಡುವ ಮುಂಚೆ ಎರಡು ಸಲ, ಹಾರಿದ ಮೇಲೆ ಒಂದು ಸಲ, ಪಟ್ಟಿ ಓದಿಯೂ ಯಾರೂ ಗಮನಿಸಲಿಲ್ಲ. ಹಾರ್ನ್ ಬಾರಿಸಿತು. ಆ ವಿಮಾನದಲ್ಲಿ ನೆಲದ ಮೇಲೆ ಬೇರೊಂದು ದೋಷಕ್ಕೂ ಅದೇ ಸದ್ದು ಇತ್ತು. ಪೈಲಟ್‌ಗಳು ಅದನ್ನು ಆ ದೋಷವೆಂದೇ ತಿಳಿದು, ಮಾಸ್ಕ್ ಹಾಕಿಕೊಳ್ಳದೆ, ರೇಡಿಯೊದಲ್ಲಿ ಎಂಜಿನಿಯರ್ ಜೊತೆ ಮಾತಾಡುತ್ತಲೇ ಎಚ್ಚರ ತಪ್ಪಿದರು. ವಿಮಾನ ತಾನೇ 34 ಸಾವಿರ ಅಡಿಗೆ ಏರಿ, ಅಥೆನ್ಸಿನ ಬಳಿ ಸುತ್ತುತ್ತಾ ಉಳಿಯಿತು. ಹಿಂದಿನ ಸೀಟುಗಳಲ್ಲಿ ಮಾಸ್ಕ್ ಬಿದ್ದಿದ್ದವು, ಹನ್ನೆರಡು ನಿಮಿಷದ ಡಬ್ಬಿ ಮುಗಿದು ಹೋಯಿತು, ಇಳಿಯಬೇಕಾದ ವಿಮಾನ ಇಳಿಯಲೇ ಇಲ್ಲ. ಪಕ್ಕಕ್ಕೆ ಬಂದ ಗ್ರೀಸ್‌ನ ಎಫ್-16 ಪೈಲಟ್‌ಗಳು ಕಿಟಕಿಯಲ್ಲಿ ಅಲುಗಾಡದ ಜನರನ್ನು ನೋಡಿದರು. ಆಮೇಲೆ, ಪೈಲಟ್ ತರಬೇತಿ ಪಡೆದಿದ್ದ ಒಬ್ಬ ಕ್ಯಾಬಿನ್ ಸಿಬ್ಬಂದಿ ಕಾಕ್‌ಪಿಟ್ ಸೇರಿ ಪೈಲಟ್ ಸೀಟಿನಲ್ಲಿ ಕೂತದ್ದು ಅವರಿಗೆ ಕಂಡಿತು. ಹೊತ್ತು ಮೀರಿತ್ತು. ಇಂಧನ ತೀರಿ ವಿಮಾನ ಬೆಟ್ಟಕ್ಕೆ ಬಡಿಯಿತು, 121 ಜನ ಸತ್ತರು.

ಹೀಲಿಯೊಸ್ ನಂತರ ಆ ಮಾದರಿಯ ವಿಮಾನಗಳಲ್ಲಿ ಒಂದೇ ಸದ್ದಿನ ಗೊಂದಲ ಹೋಗಲೆಂದು ಬೇರೆಬೇರೆ ದೀಪಗಳನ್ನು ಇಟ್ಟರು. ಮಾಸ್ಕ್ ಬಿದ್ದೂ ವಿಮಾನ ಇಳಿಯದಿದ್ದರೆ ಸುಮ್ಮನೆ ಕೂರದೆ ಕಾಕ್‌ಪಿಟ್ಟನ್ನು ವಿಚಾರಿಸಬೇಕು ಎಂದು ಅನೇಕ ಕಂಪನಿಗಳು ಕ್ಯಾಬಿನ್ ಸಿಬ್ಬಂದಿಗೆ ಕಲಿಸತೊಡಗಿದವು. ಇದು ನನ್ನ ವಾದಕ್ಕೆ ಮುಖ್ಯ. ಮಾಸ್ಕ್ ಬಿದ್ದರೆ ಹಾಕಿಕೋ ಎಂಬ ಆಜ್ಞೆ ಮಾತ್ರ ಗೊತ್ತಿದ್ದವರಿಗೆ, ವಿಮಾನ ಏರುತ್ತಲೇ ಹೋದರೂ ಏನೋ ತಪ್ಪಾಗಿದೆ ಎಂದು ತೋಚುವುದಿಲ್ಲ. ಮಾಸ್ಕ್ ಯಾಕೆ, ಎಷ್ಟು ಹೊತ್ತಿಗೆ, ಆಮೇಲೆ ಏನಾಗಬೇಕು ಎಂಬ ಕಾರಣ ಗೊತ್ತಿದ್ದವರಿಗೆ ಮಾತ್ರ ತೋಚುತ್ತದೆ. ಕಾರಣವಿಲ್ಲದ ಆಜ್ಞೆ ಗಾಬರಿಯಲ್ಲಿ ಮೊದಲು ಮರೆತುಹೋಗುವ ಸಂಗತಿ. ಹಗೇವಿನ ಕಂದೀಲನ್ನು ಊರು ತಲೆತಲಾಂತರ ಮರೆಯದೆ ಇದ್ದದ್ದು, ದೀಪ ಯಾಕೆ ಆರುತ್ತದೆ ಎಂದು ಪಕ್ಕದಲ್ಲಿ ನಿಂತ ಹುಡುಗರಿಗೂ ಗೊತ್ತಿದ್ದರಿಂದ.

ಎರಡನೆಯ ಆಕ್ಷೇಪ ಹೃದಯದ ಕಡೆಯಿಂದ ಬರುತ್ತದೆ: ನಮ್ಮ ತಾಯಂದಿರು ಮಗುವಿಗಿಂತ ಮೊದಲು ತಮ್ಮ ಮೂಗಿಗೆ ಮಾಸ್ಕ್ ಹಾಕಿಕೊಳ್ಳುವವರಲ್ಲ, ಯಾವ ಭಾಷೆಯಲ್ಲಿ ಹೇಳಿದರೂ ಅಷ್ಟೇ, ಇದು ಪರದೇಶದ ಸ್ವಾರ್ಥದ ಪಾಠ. ಮಗು ಉಂಡ ಮೇಲೆ ಉಣ್ಣುವ ಮನೆಗಳಲ್ಲಿ ಈ ಅನುಮಾನ ಸಹಜ. ಆದರೆ ಲೆಕ್ಕ ನೋಡಿ. ತನ್ನ ಮಾಸ್ಕ್ ಎಳೆದು ಹಾಕಿಕೊಳ್ಳಲು ದೊಡ್ಡವರಿಗೆ ಕೆಲವೇ ಸೆಕೆಂಡು ಸಾಕು. ಹೆದರಿ ಅಳುತ್ತ ತಲೆ ಕೊಡವುವ ಮಗುವಿನ ತಲೆಯ ಹಿಂದೆ ಎಲಾಸ್ಟಿಕ್ ಸಿಕ್ಕಿಸಲು ಎಷ್ಟು ಬೇಕಾದೀತು, ಲಂಗದ ಲಾಡಿ ಕಟ್ಟಿಸಿಕೊಳ್ಳದ ಮಗುವನ್ನು ಸಂಭಾಳಿಸಿದವರಿಗೆಲ್ಲ ಗೊತ್ತು. ಅರ್ಧ ನಿಮಿಷದ ಎಚ್ಚರದಲ್ಲಿ ಇಪ್ಪತ್ತು ಸೆಕೆಂಡು ಮಗುವಿನ ಮೇಲೆ ಕಳೆದ ತಾಯಿಗೆ, ತನ್ನದನ್ನು ಹಾಕಿಕೊಳ್ಳುವ ಬುದ್ಧಿ ಉಳಿದಿರುತ್ತದೆ ಎಂಬ ಭರವಸೆಯಿಲ್ಲ. ಮಗುವಿನದೂ ಪೂರ್ತಿ ಆಗಿರುವುದಿಲ್ಲ. ತಿರುಗುಮುರುಗು ಮಾಡಿದರೆ ಮಗು ಹತ್ತು ಹದಿನೈದು ಸೆಕೆಂಡು ತೆಳುಗಾಳಿ ಉಸಿರಾಡುತ್ತದೆ. ಅದು ಒಂದು ವೇಳೆ ಮಂಕಾದರೂ ಮಾಸ್ಕ್ ಹಾಕಿದ ಕೂಡಲೇ ಚೇತರಿಸಿಕೊಳ್ಳುತ್ತದೆ. ತಾಯಿ ಕುಸಿದರೆ ಮಗುವಿಗೆ ಹಾಕುವವರು ಯಾರು? ಈ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದರೆ ಯಾವ ತಾಯಿಯೂ ಸ್ವಾರ್ಥದ ಮಾತೆಂದು ತಳ್ಳಿಹಾಕಲಾರಳು. ಹಗೇವಿಗೆ ಧುಮುಕದಂತೆ ಅಣ್ಣನನ್ನು ತಡೆದವರನ್ನು ಯಾರೂ ಸ್ವಾರ್ಥಿಗಳೆನ್ನಲಿಲ್ಲ.

ಸೀಟಿನ ಮುಂದಿನ ಜೇಬಿನಲ್ಲಿ ಚಿತ್ರಗಳ ಕಾರ್ಡ್ ಇದೆ, ಸಿಬ್ಬಂದಿ ಕೈಯಿಂದ ಮಾಡಿ ತೋರಿಸುತ್ತಾರೆ, ಚಿತ್ರಕ್ಕೆ ಭಾಷೆ ಯಾಕೆ ಎಂದು ಇನ್ನೊಂದು ಮಾತು. ಚಿತ್ರ ಏನು ಮಾಡಬೇಕೆಂದು ಚೆನ್ನಾಗಿ ಹೇಳುತ್ತದೆ. ದೊಡ್ಡವರ ಮುಖದಲ್ಲಿ ಮಾಸ್ಕ್, ಆಮೇಲೆ ಮಗುವಿನ ಮುಖದಲ್ಲಿ, ನಡುವೆ ಒಂದು ಬಾಣದ ಗುರುತು. ಅರ್ಧ ನಿಮಿಷದಲ್ಲಿ ಬುದ್ಧಿ ಮಂಕಾಗುತ್ತದೆ, ವಿಮಾನ ಬಿರುಸಾಗಿ ಇಳಿಯುವುದು ಬೇಕೆಂತಲೇ, ಚೀಲ ಉಬ್ಬದಿದ್ದರೂ ಹೆದರಬೇಡಿ ಎಂಬುದನ್ನು ಬಾಣ ಹೇಗೆ ತೋರಿಸೀತು? ಮೇಲಾಗಿ ಮೊದಲ ಸಲ ಹತ್ತಿದವರು ಆ ಕಾರ್ಡನ್ನು ಹೊರಗೆ ತೆಗೆಯಬಹುದೋ ಬಾರದೋ ಎಂಬ ಸಂಕೋಚದಲ್ಲೇ ಇರುತ್ತಾರೆ.

ಹೇಳಿದರೆ ಜನ ಹೆದರುತ್ತಾರೆ ಎನ್ನುವವರಿದ್ದಾರೆ. ನನಗೆ ಇದು ಎಲ್ಲಕ್ಕಿಂತ ದುರ್ಬಲ ವಾದವಾಗಿ ಕಾಣುತ್ತದೆ. ಬೆಳೆ ಹೋದ ವರ್ಷಗಳನ್ನೂ ತುಂಗಭದ್ರೆಯ ನೆರೆಯನ್ನೂ ನೋಡಿದ ಜನ ಒಂದು ವಾಕ್ಯಕ್ಕೆ ಕಂಗೆಡುವ ಮೇಣದ ಗೊಂಬೆಗಳಲ್ಲ. ಅರ್ಥವಾಗದ ಭಾಷೆಯಲ್ಲಿ ಗಂಭೀರ ಮುಖ ಮಾಡಿಕೊಂಡು ಏನೋ ಹೇಳುತ್ತಿದ್ದಾರೆ ಎಂಬುದೇ ಹೆಚ್ಚು ಹೆದರಿಸುವ ಸಂಗತಿ. ಇಂಥದು ನಡೆಯುವುದೇ ಅಪರೂಪ ಎಂಬುದು ನಿಜ. ಸಾವಿರಾರು ವಿಮಾನಗಳು ಪ್ರತಿದಿನ ಏನೂ ಆಗದೆ ಇಳಿಯುತ್ತವೆ. ಆದರೆ ಅಪರೂಪದ ಸಂಗತಿಗೇ ತಾನೆ ಈ ಸೂಚನೆ ಇರುವುದು. ದಿನಾ ನಡೆಯುವುದಾದರೆ ಜನ ನೋಡಿಯೇ ಕಲಿಯುತ್ತಿದ್ದರು.

ಹುಬ್ಬಳ್ಳಿಯ ಪಂಖದ ವಿಮಾನಗಳು ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲವಲ್ಲ ಎಂದು ವಿಷಯ ಬಲ್ಲವರು ಕೇಳಬಹುದು. ಸರಿ. ಎಟಿಆರ್‌ನಂಥವು 25 ಸಾವಿರ ಅಡಿ ದಾಟುವುದಿಲ್ಲ. ಅಂಥವುಗಳಲ್ಲಿ ಮೇಲಿಂದ ಬೀಳುವ ಮಾಸ್ಕ್ ಇಲ್ಲದಿರುವುದೂ ಉಂಟು. ಆದರೆ ಅದೇ ಪ್ರಯಾಣಿಕ ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇಳಿದು ದಿಲ್ಲಿಗೆ, ಜೆಡ್ಡಾಕ್ಕೆ, ದುಬೈಗೆ ಜೆಟ್ ಹತ್ತುತ್ತಾನೆ. ಅಲ್ಲಿಯೂ ಅವನ ಭಾಷೆ ಬದಲಾಗಿರುವುದಿಲ್ಲ.

ಭಾಷೆಯ ಆಕ್ಷೇಪವನ್ನೂ ನೇರವಾಗಿ ಎದುರಿಸೋಣ. ಒಂದು ವಿಮಾನದಲ್ಲಿ ಕನ್ನಡದವರ ಜೊತೆ ತೆಲುಗರು, ಮರಾಠಿಗರು, ಮಲಯಾಳಿಗಳು ಇರುತ್ತಾರೆ. ಎಲ್ಲರ ಭಾಷೆಯಲ್ಲೂ ಹೇಳುತ್ತ ಕೂತರೆ ವಿಮಾನ ರನ್‌ವೇ ಬಿಡುವುದು ಯಾವಾಗ? ಎಲ್ಲ ಭಾಷೆ ಬೇಕಿಲ್ಲ. ಹೊರಡುವ ರಾಜ್ಯದ್ದೊಂದು, ಇಳಿಯುವ ರಾಜ್ಯದ್ದೊಂದು ಸಾಕು. ತತ್ವ ಈಗಾಗಲೇ ಒಪ್ಪಿತವಾಗಿದೆ: 2018ರ ಡಿಸೆಂಬರಿನಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ, ನಿಲ್ದಾಣಗಳ ಪ್ರಕಟಣೆಗಳನ್ನು ಮೊದಲು ಸ್ಥಳೀಯ ಭಾಷೆಯಲ್ಲಿ, ಆಮೇಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾಡಬೇಕೆಂದು ಸೂಚಿಸಿತು. ನೆಲದ ಮೇಲೆ ಗೇಟಿನ ನಂಬರು ಹೇಳಲು ಸ್ಥಳೀಯ ಭಾಷೆ ಬೇಕೆಂದಾದರೆ, ಮೇಲೆ ಹೋದ ಮೇಲೆ ಉಸಿರಿನ ವಿಷಯಕ್ಕೆ ಬೇಡವೇ? ಸಿಬ್ಬಂದಿಗೆ ಕನ್ನಡ ಬರಬೇಕೆಂದೂ ಇಲ್ಲ. ಒಮ್ಮೆ ಧ್ವನಿಮುದ್ರಿಸಿದ ಪ್ರಕಟಣೆಯನ್ನು ಗುಂಡಿ ಒತ್ತಿ ಕೇಳಿಸಬಹುದು. ಯಾರೋ ಪೈಲಟ್ ಒಮ್ಮೆ ಕನ್ನಡದಲ್ಲಿ ನಾಲ್ಕು ಮಾತಾಡಿದರೆ ಅದರ ವಿಡಿಯೊ ಊರೆಲ್ಲ ಹಂಚಿಕೊಂಡು ನಾವು ಖುಷಿಪಡುತ್ತೇವೆ. ಆ ನಾಲ್ಕು ಮಾತು ಹವಾಮಾನ, ಸ್ವಾಗತದ್ದಾಗಿರುತ್ತದೆ ಹೊರತು ಮಾಸ್ಕಿನದಾಗಿರುವುದಿಲ್ಲ. ಕಾರ್ಡುಗಳ ವಿಷಯಕ್ಕೆ ಬಂದರೆ, ಕ್ಯಾಲೆಂಡರು, ನಿಘಂಟು, ಪಠ್ಯಪುಸ್ತಕ ಅಚ್ಚು ಹಾಕಿ ನಾಡಿಗೆಲ್ಲ ಹಂಚಿದ ಗದಗದ ಮುದ್ರಣಾಲಯಗಳಿಗೆ ಅದೇನು ದೊಡ್ಡ ಕೆಲಸವಲ್ಲ.

ಇಷ್ಟರಿಂದ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಕೇಳಿಯೂ ಕಿವಿಗೆ ಹಾಕಿಕೊಳ್ಳದವರು ಇರುತ್ತಾರೆ, ಮೊಬೈಲ್ ತೆಗೆದು ವಿಡಿಯೊ ಮಾಡುವವರು ಅಲ್ಲೂ ಇರುತ್ತಾರೆ. ಸೌತ್‌ವೆಸ್ಟ್ ವಿಮಾನದ ಫೋಟೊಗಳು ಹೇಳುವುದು ಅದನ್ನೇ: ಭಾಷೆ ಗೊತ್ತಿದ್ದರೆ ಸಾಲದು, ಮೂಗನ್ನೂ ಯಾಕೆ ಮುಚ್ಚಬೇಕೆಂಬುದು ತಿಳಿದಿರಬೇಕು. ಅದಕ್ಕೇ ಇಂಗ್ಲಿಷ್ ಪ್ರಕಟಣೆಯ ಸಂಸ್ಕೃತಮಯ ಅನುವಾದದಿಂದ ಉಪಯೋಗವಿಲ್ಲ. ‘ಆಮ್ಲಜನಕ ಮುಖಗವಸನ್ನು ಧರಿಸತಕ್ಕದ್ದು’ ಎಂದರೆ ಲಕ್ಷ್ಮೇಶ್ವರದ ಸಂತೆಯಲ್ಲಿ ಯಾರೂ ತಿರುಗಿ ನೋಡಲಿಕ್ಕಿಲ್ಲ. ಹೀಗೆ ಹೇಳಬಹುದು: ‘ವಿಮಾನದೊಳಗೆ ಗಾಳಿ ಕಡಿಮೆಯಾದರೆ ಮೇಲಿಂದ ಮಾಸ್ಕ್ ಬೀಳುತ್ತದೆ. ಜೋರಾಗಿ ಜಗ್ಗಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಹಾಕಿಕೊಳ್ಳಿ. ತಡ ಮಾಡಿದರೆ ಅರ್ಧ ನಿಮಿಷದಲ್ಲಿ ತಲೆ ಮಂಕಾಗುತ್ತದೆ, ಗೊತ್ತೇ ಆಗುವುದಿಲ್ಲ. ಮೊದಲು ನಿಮಗೆ, ಆಮೇಲೆ ಮಕ್ಕಳಿಗೆ. ನೀವು ಎಚ್ಚರ ತಪ್ಪಿದರೆ ಮಕ್ಕಳಿಗೆ ಹಾಕುವವರು ಇರುವುದಿಲ್ಲ. ಚೀಲ ಉಬ್ಬದಿದ್ದರೂ ಆಕ್ಸಿಜನ್ ಬರುತ್ತಿರುತ್ತದೆ. ವಿಮಾನ ಬಿರುಸಾಗಿ ಇಳಿಯುತ್ತದೆ. ಪೈಲಟ್ ಬೇಕೆಂತಲೇ ಇಳಿಸುತ್ತಾರೆ, ಹೆದರಬೇಡಿ.’

ಇದರಲ್ಲಿ ತಿದ್ದುವುದಕ್ಕೆ ಬೇಕಾದಷ್ಟಿದೆ. ಆಕ್ಸಿಜನ್, ಮಾಸ್ಕ್ ಎಂಬ ಮಾತುಗಳನ್ನು ಹಾಗೇ ಉಳಿಸಿದ್ದೇಕೆಂದರೆ ಕೋವಿಡ್ ಅವನ್ನು ಅಡುಗೆಮನೆಯವರೆಗೆ ತಂದುಬಿಟ್ಟಿದೆ. ‘ಜಗ್ಗಿ’ ಎಂದರೆ ಮೈಸೂರಿನ ಕಡೆಯವರಿಗೆ ಒಂದು ಕ್ಷಣ ತಡವಾಗಬಹುದು, ‘ಎಳೆದು’ ಎಂದರೆ ಗದಗದವರಿಗೂ ತಿಳಿಯುತ್ತದೆ, ಹಾಗಾಗಿ ಅದನ್ನೇ ಇಟ್ಟುಕೊಂಡರೂ ಸರಿ. ಆದರೆ ಮೊದಲಿನ ‘ಜೋರಾಗಿ’ ಬಿಡಬಾರದು. ಮೆಲ್ಲಗೆ ಎತ್ತಿ ಮುಖಕ್ಕೆ ಹಿಡಿದುಕೊಂಡರೆ ದಾರಕ್ಕೆ ಕಟ್ಟಿದ ಪಿನ್ನು ಕಳಚದೆ, ಮೇಲಿನ ಡಬ್ಬಿ ಹೊತ್ತಿಕೊಳ್ಳದೆಯೇ ಉಳಿಯಬಹುದು.